ಹಗುರ ಕಾರಿನ ಓಟ

ಬೆಂಗಳೂರಿನ ಕಂಟೋನ್ಮೆಂಟ್ ಕಡೆ ಹಳೆಯ ಕಾರುಗಳ ರ‍್ಯಾಲಿ ನಡೆದರೆ ಜನ ಮುತ್ತಿಕೊಳ್ಳುವುದು ಎಂಜಿ ಟಿಸಿಯಂಥ ಕಾರನ್ನು. ಉದ್ದನೆಯ ಬಾನೆಟ್, ತಂತಿ ಕಡ್ಡಿಗಳ 19 ಇಂಚಿನ ಚಕ್ರ, ಎರಡೇ ಸೀಟು. 1945ರಿಂದ 1949ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು ಅದು. ಪಕ್ಕದಲ್ಲೇ ಸಿಪಾನಿ ಡಾಲ್ಫಿನ್ ನಿಂತಿದ್ದರೂ ತಿರುಗಿ ನೋಡುವವರು ಕಡಿಮೆ. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ಹೊರತಂದ, ಎರಡು ಬಾಗಿಲಿನ ಈ ಪುಟ್ಟ ಕಾರಿಗೆ ಬ್ರಿಟನ್ನಿನ ರಿಲಯಂಟ್ ಕಿಟನ್ ಮೂಲ. ಓಟದ ಮಾತಿಗೆ ಬಂದರೆ ಈ ತಾತ್ಸಾರ ನ್ಯಾಯವಲ್ಲ.

ಟಿಸಿಯ 1250 ಸಿಸಿ ಎಂಜಿನ್ನಿಗೆ ಸುಮಾರು 54 ಅಶ್ವಶಕ್ತಿ. ಡಾಲ್ಫಿನ್ನಿನ ಮೂಲವಾದ ಕಿಟನ್ನಿನ 848 ಸಿಸಿ ಎಂಜಿನ್ನಿಗೆ 40 ಮಾತ್ರ. ಆದರೆ ಟಿಸಿಯ ತೂಕ ಹತ್ತಿರ ಹತ್ತಿರ 800 ಕಿಲೊ, ಕಿಟನ್ನಿನದು 525ರ ಆಸುಪಾಸು. ಅಂದರೆ ಟಿಸಿಯಲ್ಲಿ ಒಂದೊಂದು ಅಶ್ವಶಕ್ತಿ 15 ಕಿಲೊ ಎಳೆಯಬೇಕು, ಕಿಟನ್ನಿನಲ್ಲಿ 13 ಕಿಲೊ. ಕಾರು ಎಷ್ಟು ಬೇಗ ವೇಗ ಪಡೆಯುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಅನುಪಾತವೇ. ಆದರೆ ಹಗುರ ಕಾರಿಗೆ ಜನರ ಭಾರವೂ ದೊಡ್ಡದೇ. ತಲಾ 70 ಕಿಲೊದ ಇಬ್ಬರು ಕೂತರೂ ಕಿಟನ್ ಸ್ವಲ್ಪ ಮುಂದೆಯೇ ಇರುತ್ತದೆ. ನಾಲ್ವರು ಹತ್ತಿದರೆ ಅಶ್ವಶಕ್ತಿಗೆ 20 ಕಿಲೊ ಆಗಿ ಆ ಮೇಲುಗೈ ಹೊರಟುಹೋಗುತ್ತದೆ.

ಈ ಹಗುರತನ ಬಂದದ್ದು ಅಲ್ಯೂಮಿನಿಯಂ ಎಂಜಿನ್ ಮತ್ತು ಫೈಬರ್‌ಗ್ಲಾಸ್ ಬಾಡಿಯಿಂದ. ಡಾಲ್ಫಿನ್ನಿನ ಬಾಡಿಗೆ ಅಯಸ್ಕಾಂತ ಹಿಡಿದರೆ ಅಂಟುವುದಿಲ್ಲ. ಪೆಟ್ಟು ಬಿದ್ದ ಕಡೆ ತಗಡಿನಲ್ಲಾದರೆ ತಗ್ಗು ಬೀಳುತ್ತದೆ. ಇಲ್ಲಿ ಬಣ್ಣ ಜೇಡರಬಲೆಯಂತೆ ಬಿರಿದು, ಒಳಗಿನ ಬಿಳಿ ನಾರು ಕಾಣುತ್ತದೆ. ಒಡೆದ ಜಾಗವನ್ನು ಉಜ್ಜಿ, ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಬಳಿದು ರಿಪೇರಿ ಮಾಡಬಹುದು. ಟಿಸಿಯದು ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿದ ಬಾಡಿ. ಅದಕ್ಕೆ ಬಡಗಿಯೂ ಬೇಕು.

ಹಳೇ ಮದ್ರಾಸ್ ರಸ್ತೆಯ ಗುಂಡಿಗಳಲ್ಲಿ ಇನ್ನೊಂದು ವ್ಯತ್ಯಾಸ ತಿಳಿಯುತ್ತದೆ. ಟಿಸಿಯ ಮುಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಆ್ಯಕ್ಸಲ್ಲಿಗೆ ಕಟ್ಟುಬಿದ್ದಿವೆ. ಎಡಚಕ್ರ ಗುಂಡಿಗಿಳಿದರೆ ಬಲಚಕ್ರವೂ ವಾಲಿ ಸ್ಟೀರಿಂಗ್ ಅದುರುತ್ತದೆ. ಕಿಟನ್ನಿನಲ್ಲಿ ಮುಂದಿನ ಎರಡು ಚಕ್ರಗಳಿಗೂ ಬೇರೆ ಬೇರೆ ಕಾಯಿಲ್ ಸ್ಪ್ರಿಂಗ್; ಒಂದರ ಪೆಟ್ಟು ಇನ್ನೊಂದಕ್ಕೆ ಅಷ್ಟಾಗಿ ತಟ್ಟದು. ಹಾಗಿದ್ದೂ ಟಿಸಿ ಓಡಿಸುವ ಸುಖವೇ ಬೇರೆ: ಸೀಟು ಹಿಂದಿನ ಆ್ಯಕ್ಸಲ್ಲಿಗೆ ಹತ್ತಿರ, ಮೈಗೆ ಗಾಳಿ, ಗಂಟೆಗೆ 60 ಕಿ.ಮೀ. ಹೋದರೂ ಹಾರಿದ ಅನುಭವ.

1983ರ ಡಿಸೆಂಬರಿನಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ಬಂತು. ಅದರ ಮುಂದೆ ಡಾಲ್ಫಿನ್ ಉಳಿಯಲಿಲ್ಲ. ಆದರೆ ಫೈಬರ್‌ಗ್ಲಾಸ್ ಮೇಲಿನ ಬೆಂಗಳೂರಿನ ಒಲವು ಅಲ್ಲಿಗೇ ಮುಗಿಯಲಿಲ್ಲ. ಕೆ.ಆರ್. ಪುರಂ ಆಚೆಯ ವೈಟ್‌ಫೀಲ್ಡ್ ರಸ್ತೆಯ ಸ್ಯಾನ್ ಎಂಜಿನಿಯರಿಂಗ್ ಬಳಗ 1998ರಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂದಾಗಲೂ ಬಾಡಿಗೆ ಬಳಸಿದ್ದು ಅದನ್ನೇ.

ನಿಮ್ಮ ಶೆಡ್ಡಿನಲ್ಲಿ ಡಾಲ್ಫಿನ್ ಇದ್ದರೆ ಶಿವಾಜಿನಗರದ ಗುಜರಿಗೆ ಹಾಕಬೇಡಿ. ಬಾಡಿಗೆ ತುಕ್ಕಿನ ಭಯವಿಲ್ಲ. ಮೊದಲು ಅಡಿಯಲ್ಲಿರುವ ಉಕ್ಕಿನ ಚಾಸಿಸ್ ಗಟ್ಟಿಯಾಗಿದೆಯೇ ನೋಡಿಸಿ.