ಯಾವ ಮೆಡಿಕಲ್ ಕಾಲೇಜು?

ತಾಂಡ್ಯದ ಕಾರ್ಖಾನೆಯಲ್ಲಿ ಪಾಳಿ ಲೆಕ್ಕದಲ್ಲಿ ದುಡಿಯುವ ತಂದೆಯ ಮಗಳು ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಪಡೆದರೆ ಮನೆಯಲ್ಲಿ ಸಿಹಿ ಹಂಚುವುದು ಒಂದು ದಿನ. ಮರುದಿನದಿಂದ ಕಾಲೇಜಿನ ಚರ್ಚೆ. ಅಜ್ಜಿಗೆ ಹುಡುಗಿ ಮನೆಯಿಂದಲೇ ಹೋಗಿ ಬರಬೇಕು, ಮಾವನಿಗೆ ಕಾಲೇಜಿನ ಹೆಸರು ದೊಡ್ಡದಿರಬೇಕು!

ಹತ್ತಿರದ ಮೈಸೂರಿನಲ್ಲಿ ಹೆಸರಾಂತ ಎರಡು ಕಾಲೇಜುಗಳಿವೆ. ಒಂದು, 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ಸರಕಾರಿ ಕಾಲೇಜು. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಗಳೇ ಅದರ ಪಾಠಶಾಲೆ. ಇನ್ನೊಂದು 1984ರ ಜೆಎಸ್‌ಎಸ್. ಅದೀಗ ಡೀಮ್ಡ್ ವಿಶ್ವವಿದ್ಯಾಲಯದ ಕಾಲೇಜು. ಅಲ್ಲಿನ ಸೀಟು ಹಂಚುವುದು ಕೆಇಎ ಅಲ್ಲ, ಕೇಂದ್ರದ ಎಂಸಿಸಿ. ರಾಜ್ಯದ ಸರಕಾರಿ ಕೋಟಾದ ಶುಲ್ಕ ಅಲ್ಲಿ ಅನ್ವಯಿಸದು, ವರ್ಷಕ್ಕೆ ಹಲವು ಲಕ್ಷ ಬೇಕು. ಕಲಿಕೆ ಚೆನ್ನಾಗಿದೆ, ನಿಜ. ಆದರೆ ನಾಲ್ಕೂವರೆ ವರ್ಷದ ಲೆಕ್ಕ ಹಾಕದೆ ಮನೆಪತ್ರ ಅಡವಿಡಬೇಡಿ.

ತಾಂಡವಪುರದಲ್ಲಿ ರೈಲು ಹತ್ತಿದರೆ ಒಂದು ಕಡೆ ಮೈಸೂರು, ಇನ್ನೊಂದು ಕಡೆ ಚಾಮರಾಜನಗರ. ಅಲ್ಲಿ 2016ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. 'ಹೊಸ ಕಾಲೇಜು' ಎಂದು ಮೂಗು ಮುರಿಯುವುದು ನನಗಂತೂ ಸರಿಯೆನಿಸದು. ವೈದ್ಯವಿದ್ಯೆ ಕಲಿಸುವುದು ಕಟ್ಟಡವಲ್ಲ, ರೋಗಿಗಳು. ವಾರ್ಡಿನಲ್ಲಿ ಹಾಸಿಗೆಗಳು ತುಂಬಿವೆಯೇ, ಹುಡುಗಿಯರ ಹಾಸ್ಟೆಲ್ ಹೇಗಿದೆ ಎಂದು ಅಲ್ಲೇ ಓದುತ್ತಿರುವವರನ್ನು ಕೇಳಿ ನೋಡಿ. ವಿಜಯಪುರದ ಅಲ್-ಅಮೀನ್ ಕೂಡ ಕೆಲವರ ಮನಸ್ಸಿನಲ್ಲಿರುತ್ತದೆ. ಆದರೆ ಅದು ಖಾಸಗಿ, ಪ್ರಯಾಣ ಇಡೀ ರಾತ್ರಿಯದು.

ಕೆಇಎಯ ಆಯ್ಕೆ ಪಟ್ಟಿಯಲ್ಲಿ 'ಸಿಗುವಂಥದ್ದನ್ನು' ಮೊದಲು ಬರೆಯುವ ಅಭ್ಯಾಸ ಹಲವರಿಗಿದೆ. ಕಂಪ್ಯೂಟರ್ ಮೇಲಿನಿಂದ ನೋಡುತ್ತಾ ಬಂದು, ರ‍್ಯಾಂಕ್‌ಗೆ ದಕ್ಕುವ ಮೊದಲ ಸೀಟನ್ನೇ ಕೊಟ್ಟುಬಿಡುತ್ತದೆ. ಆದ್ದರಿಂದ ಬೇಕಾದದ್ದನ್ನೇ ಮೊದಲು ಬರೆಯಿರಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು.