ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ನಮ್ಮ ಹೆಣ್ಣುಮಕ್ಕಳ ವ್ಯಾಸಂಗ

ಪ್ರತಿವರ್ಷವೂ ಪರೀಕ್ಷಾಫಲಿತಾಂಶಗಳು ಪ್ರಕಟವಾದೊಡನೆ ನಮ್ಮನ್ನು ಕಾಣಲು ಬರುವ ತಂದೆತಾಯಿಗಳಲ್ಲಿ ಅನೇಕರು ಒಂದೇ ಪ್ರಶ್ನೆಯನ್ನು ಕೇಳುವರು: “ನಮ್ಮ ಹುಡುಗಿಯನ್ನು ಡಾಕ್ಟರಿಕೆಗೆ ಓದಿಸಬಹುದೆ? ಸರಕಾರದ ಕಾಲೇಜಿನಲ್ಲಿ ಸ್ಥಳ ದೊರೆಯದೆ ಹೋದರೆ ಖಾಸಗಿ ಕಾಲೇಜಿಗೆ ಸೇರಿಸಬಹುದೆ?” ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದು ಮಾತಿನಿಂದ ಉತ್ತರ ಕೊಡುವುದು ಯುಕ್ತವಲ್ಲ. ಅಂಥ ಕಾಲೇಜುಗಳಲ್ಲಿ ಓದಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ರಜಾದಿನಗಳಲ್ಲಿ ಶಾಲೆಗೆ ಬಂದು ನಮಗೆ ತಿಳಿಸಿದ ಸಂಗತಿಗಳನ್ನು ಒಂದೆಡೆ ಸೇರಿಸಿ, ಅಲ್ಲಿನ ವ್ಯಾಸಂಗವು ಹೇಗಿರುತ್ತದೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಸರಕಾರದ್ದಲ್ಲದ ವೈದ್ಯವಿದ್ಯಾಲಯವು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ದಕ್ಷಿಣ ಭಾರತದಲ್ಲಿ ಅದರ ಮೊದಲ ಫಲವನ್ನು ಕಂಡವರಲ್ಲಿ ಸ್ತ್ರೀಯರೂ ಸೇರಿರುವರು. ಡಾಕ್ಟರ್ ಐಡಾ ಸ್ಕಡ್ಡರ್ ಎಂಬಾಕೆಯು ತರುಣಿಯಾಗಿದ್ದಾಗ ಒಂದೇ ರಾತ್ರಿಯಲ್ಲಿ ಮೂರು ಮನೆಗಳಿಂದ ಹೆರಿಗೆಯ ಕರೆ ಬಂದಿತು. ಪುರುಷ ವೈದ್ಯನನ್ನು ಒಳಕ್ಕೆ ಬಿಡಲು ಮನೆಯವರು ಒಪ್ಪದೆ ಹೋದುದರಿಂದ ಮೂವರು ಸ್ತ್ರೀಯರೂ ಪ್ರಾಣ ಬಿಟ್ಟರು. ಇದೇ ಕಾರಣದಿಂದ ಆಕೆಯು ವೈದ್ಯವಿದ್ಯೆಯನ್ನು ಕಲಿತು ಹಿಂದಿರುಗಿ, 1918ರಲ್ಲಿ ವೆಲ್ಲೂರಿನಲ್ಲಿ ಸ್ತ್ರೀಯರಿಗಾಗಿಯೇ ಒಂದು ವೈದ್ಯಶಾಲೆಯನ್ನು ತೆರೆದರು. ಮೂರು ಅರ್ಜಿಗಳು ಬಂದರೆ ಹೆಚ್ಚೆಂದು ಕೆಲವರು ಹಾಸ್ಯ ಮಾಡಿದ್ದರು. ಬಂದ ಅರ್ಜಿಗಳು 151. ಆ ಶಾಲೆಯು 1942ರಲ್ಲಿ ಎಂ.ಬಿ.ಬಿ.ಎಸ್. ತರಗತಿಯ ಕಾಲೇಜಾಯಿತು, 1947ರಿಂದ ಗಂಡುಮಕ್ಕಳಿಗೂ ಅಲ್ಲಿ ಪ್ರವೇಶ ದೊರೆಯಿತು. ನಮ್ಮ ನಾಡಿನಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1963ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜು ಆರಂಭವಾಯಿತು. ಅನಂತರ ಅನೇಕ ಕಾಲೇಜುಗಳು ಹುಟ್ಟಿಕೊಂಡವು.

ಕಾಲೇಜುಗಳು ಹೆಚ್ಚಿದಂತೆ ಹಣದ ಪ್ರಶ್ನೆಯೂ ಬೆಳೆಯಿತು. ಕರ್ನಾಟಕ ಸರಕಾರದ 1989ರ ಒಂದು ಪ್ರಕಟಣೆಯ ಮೇರೆಗೆ ಖಾಸಗಿ ಕಾಲೇಜಿನಲ್ಲಿ ಸರಕಾರದ ಪಾಲಿನ ಸ್ಥಳಕ್ಕೆ ವರ್ಷಕ್ಕೆ 2,000 ರೂಪಾಯಿ, ಇತರ ಕರ್ನಾಟಕದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಗೊತ್ತಾಗಿತ್ತು. ಹೊರರಾಜ್ಯದ ಒಬ್ಬ ವಿದ್ಯಾರ್ಥಿನಿಯು ಇದನ್ನು ಪ್ರಶ್ನಿಸಿದಾಗ, ಕ್ಯಾಪಿಟೇಶನ್ ಶುಲ್ಕವು ನ್ಯಾಯಬಾಹಿರವೆಂದು ಸುಪ್ರೀಂ ಕೋರ್ಟು 1992ರಲ್ಲಿ ತೀರ್ಪಿತ್ತಿತು. ಖಾಸಗಿ ಕಾಲೇಜುಗಳು ತಮ್ಮ ವೆಚ್ಚಕ್ಕೆ ತಕ್ಕ ಶುಲ್ಕವನ್ನು ಪಡೆಯಬಹುದು, ಆದರೆ ಲಾಭಕೋರತನ ಸಲ್ಲದು ಎಂಬುದು 2002ರ ತೀರ್ಪಿನ ಸಾರಾಂಶ. ಈಗ ಪ್ರವೇಶವು ನೀಟ್ ಎಂಬ ಅಖಿಲ ಭಾರತ ಪರೀಕ್ಷೆಯ ಮೂಲಕವೇ ನಡೆಯುವುದು. 2017ರಿಂದ ಅದನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಒಂದೇ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರಲ್ಲಿ ಸರಕಾರದ ಪಾಲಿನ ಸ್ಥಳ ಪಡೆದವಳ ಶುಲ್ಕಕ್ಕೂ ಆಡಳಿತವರ್ಗದ ಪಾಲಿನ ಸ್ಥಳ ಪಡೆದವಳ ಶುಲ್ಕಕ್ಕೂ ಅಜಗಜಾಂತರವಿರುವುದು. ಈ ಭೇದವನ್ನು ತಂದೆತಾಯಿಗಳು ಮೊದಲೇ ತಿಳಿದಿರತಕ್ಕದ್ದು.

ಇನ್ನು ವ್ಯಾಸಂಗದ ವಿಚಾರ. ಎಂ.ಬಿ.ಬಿ.ಎಸ್. ತರಗತಿಯು ನಾಲ್ಕೂವರೆ ವರ್ಷದ್ದು. ಅದರ ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಕಡ್ಡಾಯವಾದ ಸೇವೆ. ಮೊದಲನೆಯ ವರ್ಷದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಎಂಬ ಮೂರು ವಿಷಯಗಳಿರುವವು. ಈ ವರ್ಷವೇ ಎಲ್ಲಕ್ಕಿಂತ ಕಠಿಣವೆಂದು ನಮ್ಮ ಹುಡುಗಿಯರೆಲ್ಲರೂ ಒಕ್ಕೊರಲಿನಿಂದ ಹೇಳುವರು. ಶವಚ್ಛೇದನದ ಕೋಣೆಯಲ್ಲಿ ಫಾರ್ಮಲಿನ್ನಿನ ಘಾಟಿಗೆ ಕಣ್ಣು ಉರಿಯುವುದು. ಮೊದಲ ವಾರ ಅನ್ನ ರುಚಿಸದು. ಆದರೆ ಅನೇಕ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಆ ಮೃತದೇಹದ ಮುಂದೆ ನಿಂತು, ಅದನ್ನು ಗೌರವದಿಂದ ಕಾಣುವೆವೆಂದು ಪ್ರತಿಜ್ಞೆ ಮಾಡುವರು. ದೇಹದಾನ ಮಾಡಿದ ಆ ಅಪರಿಚಿತರೇ ತಮ್ಮ ಮೊದಲನೆಯ ಗುರುಗಳೆಂಬ ಭಾವನೆ ಹುಟ್ಟಿದ ಮೇಲೆ ಅಂಜಿಕೆ ತಾನಾಗಿಯೇ ಕಳೆಯುವುದು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪಠ್ಯಪುಸ್ತಕಗಳ ಇಂಗ್ಲಿಷು ಮತ್ತೊಂದು ಬೆಟ್ಟ. ನಮ್ಮ ಒಬ್ಬ ಹಳೆಯ ವಿದ್ಯಾರ್ಥಿನಿಯು ಮೊದಲ ಕಿರುಪರೀಕ್ಷೆಯಲ್ಲಿ ಮೂರು ವಿಷಯಗಳಲ್ಲಿಯೂ ತೇರ್ಗಡೆಯಾಗದೆ, ಮನೆಗೆ ಹಿಂದಿರುಗುವುದೇ ಲೇಸೆಂದು ನಮಗೆ ಬರೆದಿದ್ದಳು. ಆಕೆಯು ಬಿಡದೆ ಒಂದು ಉಪಾಯವನ್ನು ಕಂಡುಕೊಂಡಳು. ದೊಡ್ಡ ಶಬ್ದಗಳನ್ನು ಒಡೆದು, ಬೇರುಗಳನ್ನು ಒಂದು ಪುಸ್ತಕದಲ್ಲಿ ಕನ್ನಡದ ಅರ್ಥದೊಡನೆ ಬರೆದಿಟ್ಟುಕೊಂಡಳು. ‘ಹೆಪಾರ್’ ಎಂದರೆ ಗ್ರೀಕಿನಲ್ಲಿ ಯಕೃತ್ತು, ‘ನೆಫ್ರೋಸ್’ ಎಂದರೆ ಮೂತ್ರಪಿಂಡ; ‘ಐಟಿಸ್’ ಎಂಬ ಪ್ರತ್ಯಯ ಬಂದರೆ ಉರಿಯೂತ. ಹೀಗೆ ಹೆಪಟೈಟಿಸ್, ನೆಫ್ರೈಟಿಸ್ ಮೊದಲಾದ ಪದಗಳು ಬಾಯಿಪಾಠದ ಹೊರೆಯಾಗದೆ ಅರ್ಥವುಳ್ಳ ಮಾತುಗಳಾದವು. ವರ್ಷಾಂತ್ಯದಲ್ಲಿ ಆಕೆಯು ತೇರ್ಗಡೆಯಾದಳು. ವ್ಯಾಕರಣದ ಪಾಠದಲ್ಲಿ ಧಾತು ಪ್ರತ್ಯಯಗಳನ್ನು ಬಿಡಿಸಲು ಕಲಿತದ್ದು ವ್ಯರ್ಥವಾಗಲಿಲ್ಲವೆಂದು ನಮಗೆ ಸಂತೋಷವಾಯಿತು.

ಮುಂದೆ ವಾರ್ಡುಗಳಲ್ಲಿ ಕಲಿಯುವ ಕಾಲ ಬರುವುದು. ಇಲ್ಲಿ ಕನ್ನಡವೇ ಬಲವಾಗಿ ನಿಲ್ಲುವುದು. ರೋಗಿಯು ಪುಸ್ತಕದ ಮಾತನ್ನು ಆಡುವುದಿಲ್ಲ. “ಎದೆ ಡವಡವ ಅನ್ನುತ್ತದಮ್ಮಾ, ಜೀವ ಹಾರಿಹೋದ ಹಾಗಾಗುತ್ತದೆ” ಎಂದು ಅಜ್ಜಿಯೊಬ್ಬಳು ಹೇಳಿದರೆ, ಹೊರರಾಜ್ಯದಿಂದ ಬಂದ ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಳ್ಳುವರು. ನಮ್ಮ ಹುಡುಗಿಯು ಮಂಚದ ಅಂಚಿನಲ್ಲಿ ನಿಂತು, ಯಾವಾಗಿನಿಂದ, ಏನು ಕೆಲಸ ಮಾಡುವಾಗ, ಮಲಗಿದರೆ ಉಬ್ಬಸ ಬರುವುದೆ ಎಂದು ಒಂದೊಂದಾಗಿ ವಿಚಾರಿಸುವಳು. ಮುಟ್ಟಿನ ತೊಂದರೆ, ಮಕ್ಕಳಾಗದ ದುಃಖ, ಮನೆಯಲ್ಲಿ ಬಿದ್ದ ಪೆಟ್ಟು ಇವುಗಳನ್ನು ಸ್ತ್ರೀಯರು ತಮ್ಮ ಭಾಷೆಯಲ್ಲಿ ಮಾತನಾಡುವ ಸ್ತ್ರೀಗೆ ಮಾತ್ರ ಬಿಚ್ಚಿ ಹೇಳುವುದುಂಟು. 2019ರ ಹೊಸ ಪಾಠಕ್ರಮದಲ್ಲಿ ಸ್ಥಳೀಯ ಭಾಷೆಯ ಶಿಕ್ಷಣಕ್ಕೂ ಸ್ಥಾನ ದೊರೆತಿರುವುದು ಇದೇ ಕಾರಣದಿಂದ.

ವಾರ್ಡಿನ ಕಲಿಕೆಗೆ ರೋಗಿಗಳು ಬೇಕು. ಖಾಸಗಿ ಕಾಲೇಜನ್ನು ಪರೀಕ್ಷಿಸುವ ಒರೆಗಲ್ಲು ಇದೇ. ಮಣಿಪಾಲದ ಸಂಸ್ಥೆಯವರು ಮೊದಲ ವರ್ಷಗಳಲ್ಲಿಯೇ ಮಂಗಳೂರಿನ ವೆನ್‌ಲಾಕ್ ಮತ್ತು ಲೇಡಿ ಗೋಶನ್ ಎಂಬ ಸರಕಾರಿ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವ ಏರ್ಪಾಡನ್ನು ಮಾಡಿಕೊಂಡುದು ಈ ಅಗತ್ಯವನ್ನರಿತು. ಕಟ್ಟಡವು ಅಮೃತಶಿಲೆಯದಾಗಿದ್ದು ಮಂಚಗಳು ಬರಿದಾಗಿದ್ದರೆ ಅಲ್ಲಿ ವೈದ್ಯಳು ತಯಾರಾಗಲಾರಳು. ಆದುದರಿಂದ ಹಣ ಕಟ್ಟುವುದಕ್ಕೆ ಮುಂಚೆ ತಂದೆತಾಯಿಗಳು ಒಂದು ಸೋಮವಾರದ ಬೆಳಿಗ್ಗೆ ಆ ಆಸ್ಪತ್ರೆಯ ಹೊರರೋಗಿಗಳ ವಿಭಾಗಕ್ಕೆ ಹೋಗಿ, ಬಡವರ ಸಾಲು ಎಷ್ಟು ಉದ್ದವಿದೆಯೆಂದು ತಾವೇ ನೋಡುವುದು ಉತ್ತಮ.

ಕೊನೆಯ ಸೇವಾವರ್ಷದಲ್ಲಿ ರಾತ್ರಿಯ ಪಾಳಿ, ಹೆರಿಗೆಯ ಕೋಣೆ, ಅಪಘಾತ ವಿಭಾಗ ಇವೆಲ್ಲವೂ ಸರದಿಯಂತೆ ಬರುವವು. ನಿದ್ರೆ ಕಡಿಮೆ, ಜವಾಬ್ದಾರಿ ಹೆಚ್ಚು. ಆದರೂ ತನ್ನ ಕೈಯಲ್ಲಿ ಮೊದಲ ಶಿಶು ಅತ್ತ ಗಳಿಗೆಯನ್ನು ಯಾರೂ ಮರೆತಿಲ್ಲ.

ವಿದ್ಯಾರ್ಥಿನಿಲಯದ ಬಾಳಿನ ಬಗ್ಗೆಯೂ ಎರಡು ಮಾತು. ಶ್ರೀಮಂತರ ಮಕ್ಕಳ ನಡುವೆ ಸಾಧಾರಣ ಕುಟುಂಬದ ಹುಡುಗಿಯು ತನ್ನ ಉಡುಗೆತೊಡುಗೆಗಳ ಬಗ್ಗೆ ಸಂಕೋಚಪಡುವುದುಂಟು. ಹಿರಿಯ ವಿದ್ಯಾರ್ಥಿಗಳ ಪೀಡನೆಯು 2009ರ ನಿಯಮಗಳ ಮೇರೆಗೆ ಶಿಕ್ಷಾರ್ಹವಾದುದು. ಅದನ್ನು ಮೌನವಾಗಿ ಸಹಿಸಬೇಕಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯವರು ಹೊಲವನ್ನು ಅಡವಿಟ್ಟು ಕಳುಹಿಸಿರುವರೆಂಬ ಭಾರವು ಮಗಳ ಎದೆಯ ಮೇಲೆ ಕುಳಿತಿರುವುದು. ಒಂದು ಪರೀಕ್ಷೆಯಲ್ಲಿ ಸೋತಾಗ ಅದನ್ನು ಹೇಳಲಾರದೆ ಒಳಗೊಳಗೇ ಕೊರಗುವಳು. ಪ್ರತಿ ದೂರವಾಣಿಯಲ್ಲಿಯೂ ಅಂಕಗಳನ್ನೇ ಕೇಳದೆ, ಊಟವಾಯಿತೆ, ನಿದ್ರೆ ಬಂತೆ ಎಂದು ಮೊದಲು ಕೇಳಿರೆಂದು ನಾವು ಪೋಷಕರನ್ನು ಬೇಡುತ್ತೇವೆ. ಮರುಪರೀಕ್ಷೆಗೆ ಅವಕಾಶವುಂಟು; ಕಳೆದುಹೋದ ಧೈರ್ಯವನ್ನು ಮರಳಿ ತರುವುದು ಕಷ್ಟ.

ಇಷ್ಟನ್ನೂ ಹೇಳಿದ ಮೇಲೆ ನಮ್ಮ ಅಭಿಪ್ರಾಯವು ಹೀಗಿದೆ: ಹುಡುಗಿಗೆ ಸ್ವಂತ ಇಚ್ಛೆಯಿದ್ದರೆ, ಐದೂವರೆ ವರ್ಷದ ಪೂರ್ತಿ ವೆಚ್ಚವನ್ನು ಕಾಗದದ ಮೇಲೆ ಬರೆದು ನೋಡಿದ ಮೇಲೂ ಕುಟುಂಬವು ನೆಲಕಚ್ಚದಿದ್ದರೆ, ಕಾಲೇಜಿನ ಆಸ್ಪತ್ರೆಯಲ್ಲಿ ರೋಗಿಗಳಿದ್ದರೆ, ನಿಶ್ಚಿಂತೆಯಿಂದ ಕಳುಹಿಸಬಹುದು. ವ್ಯಾಸಂಗಕಾಲದಲ್ಲಿಯೂ ಸಾಲದ ಬಡ್ಡಿ ಸಾಮಾನ್ಯವಾಗಿ ಬೆಳೆಯುತ್ತಿರುವುದೆಂಬುದನ್ನೂ, ಪದವಿಯ ಮೇಲೆ ಉನ್ನತ ವ್ಯಾಸಂಗಕ್ಕೆ ಮತ್ತೆ ಹಣಬೇಕಾಗಬಹುದೆಂಬುದನ್ನೂ ಲೆಕ್ಕದಲ್ಲಿ ಸೇರಿಸತಕ್ಕದ್ದು. ನೆರೆಹೊರೆಯವರ ಮೆಚ್ಚಿಕೆಗಾಗಿ ಕಳುಹಿಸುವುದಾದರೆ ಬೇಡ. ದಾದಿಯರ ವಿದ್ಯೆ, ಔಷಧಶಾಸ್ತ್ರ, ಪ್ರಯೋಗಶಾಲೆಯ ಕೆಲಸ ಇವೂ ರೋಗಿಯ ಸೇವೆಯೇ.

ಈಗಾಗಲೇ ವೈದ್ಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ವಿನಂತಿ. ನಿಮ್ಮ ಹಳೆಯ ಪುಸ್ತಕಗಳನ್ನೂ ಟಿಪ್ಪಣಿಗಳನ್ನೂ ಶಾಲೆಗೆ ಕಳುಹಿಸಿಕೊಡಿರಿ. ಈ ವರ್ಷ ಹೊರಡುವ ನಿಮ್ಮ ತಂಗಿಯರಿಗೆ ಮೊದಲ ಆರು ತಿಂಗಳಲ್ಲಿ ಒಂದೆರಡು ಕಾಗದ ಬರೆಯಿರಿ. ನೀವು ನಡೆದ ದಾರಿಯೆಂದು ತಿಳಿದರೆ ಅವರಿಗೆ ಕತ್ತಲೆ ಅರ್ಧ ಕಡಿಮೆಯಾಗುವುದು.