ಕಾಯಫನ ತಲೆಯ ಮೇಲೆ ಏನಿರಬೇಕು?

ಕೆಲವು ವರ್ಷಗಳ ಹಿಂದಿನ ಮಾತು. ಪವಿತ್ರ ಶುಕ್ರವಾರದಂದು ನಮ್ಮ ಧರ್ಮಕೇಂದ್ರದ ಯುವಜನರು ಶಿಲುಬೆಯ ಹಾದಿಯನ್ನು ದೃಶ್ಯರೂಪಕವಾಗಿ ನಡೆಸಿಕೊಟ್ಟರು. ಪ್ರಧಾನ ಯಾಜಕ ಕಾಯಫನ ಪಾತ್ರಧಾರಿಯ ತಲೆಗೆ ಏನು ತೊಡಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಕೊನೆಗೆ, ಕ್ರಿಸ್ತಜಯಂತಿಯಲ್ಲಿ ಸಂತ ನಿಕೋಲಾಸರ ವೇಷಕ್ಕೆಂದು ರಟ್ಟಿನಲ್ಲಿ ಮಾಡಿಟ್ಟಿದ್ದ ಧರ್ಮಾಧ್ಯಕ್ಷರ ಮೈಟರನ್ನೇ ತೊಡಿಸಿದರು. ಸೈನಿಕರಿಗೆ ಪೇಟೆಯಿಂದ ಬಾಡಿಗೆಗೆ ತಂದ, ಬಂಗಾರದ ಬಣ್ಣದ ಹೊಳೆಯುವ ಶಿರಸ್ತ್ರಾಣಗಳಿದ್ದವು. ಪ್ರಾರ್ಥನೆ ಮುಗಿದು ಜನರು ಚದುರುತ್ತಿದ್ದಾಗ ಎರಡನೆಯ ತರಗತಿಯ ಬಾಲಕಿಯೊಬ್ಬಳು ನಮ್ಮ ನಿಲುವಂಗಿಯ ತುದಿ ಹಿಡಿದು, "ಫಾದರ್, ಯೇಸುಸ್ವಾಮಿಯನ್ನು ಕೊಲ್ಲಿಸಿದ್ದು ನಮ್ಮ ಬಿಷಪರಾ?" ಎಂದು ಕೇಳಿದಳು. ತಾಯಿ ಸಂಕೋಚದಿಂದ ಮಗುವನ್ನು ಕರೆದುಕೊಂಡು ಹೋದರು. ನಾವೂ ನಕ್ಕು ಸುಮ್ಮನಾದೆವು. ಆದರೆ ರಾತ್ರಿ ಒಬ್ಬರೇ ಕುಳಿತಾಗ ಆ ನಗು ಉಳಿಯಲಿಲ್ಲ. ಮಗು ತಾನು ಕಂಡದ್ದನ್ನು ಕೇಳಿತ್ತು. ತಪ್ಪನ್ನು ಕಾಣಿಸಿದವರು ನಾವು.

ಅದೇ ವರ್ಷದ ಇನ್ನೊಂದು ಸಂಗತಿ ನಮಗೆ ತಡವಾಗಿ ತಿಳಿಯಿತು. ಸೈನಿಕನ ಪಾತ್ರಕ್ಕೆ ಆರಿಸಿದ್ದ ಹುಡುಗನೊಬ್ಬ ತಾಲೀಮಿಗೆ ಬರುವುದನ್ನು ನಡುವೆಯೇ ನಿಲ್ಲಿಸಿದ್ದ. ವೇಷದ ಬಾಡಿಗೆಗೆಂದು ಪ್ರತಿಯೊಬ್ಬರ ಮೇಲೂ ಒಂದು ಪಾಲು ಹಾಕಲಾಗಿತ್ತು. ತೋಟದ ಕೂಲಿಯಿಂದ ನಡೆಯುವ ಆ ಮನೆಗೆ ಅದು ಹೊರೆಯಾಗಿತ್ತು. ಬಡವನಾಗಿ ಬಂದ ಪ್ರಭುವಿನ ಯಾತನೆಯನ್ನು ಅಭಿನಯಿಸಲು ಬಡವನ ಮಗನಿಗೆ ಹಣವಿಲ್ಲದೆ ಹೋಯಿತು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯ ನಮ್ಮ ಕುಟುಂಬಗಳ ಯುವಜನರು ತಪಸ್ಸುಕಾಲದಲ್ಲಿ ಇಂಥ ರೂಪಕಗಳಿಗೆ ಸಿದ್ಧರಾಗುವಾಗ ಮೊದಲು ಏಳುವ ಪ್ರಶ್ನೆಯೇ ತಲೆಯುಡುಗೆಯದು. ನಿಲುವಂಗಿಗೆ ಹಳೆಯ ಪಂಚೆ ಸಾಕು, ಆದರೆ ತಲೆಗೆ ಏನು? ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸಿ ನೋಡಿದರೆ ಒಂದು ಸಮಾಧಾನದ ಸತ್ಯ ದೊರೆಯುತ್ತದೆ. ಈ ವಿಷಯದಲ್ಲಿ ದುಬಾರಿಯಾದದ್ದು ಬಹುಮಟ್ಟಿಗೆ ಸುಳ್ಳು. ನಿಜವಾದದ್ದು ಬಹುಮಟ್ಟಿಗೆ ಅಗ್ಗ.

ಚರಿತ್ರೆ ಹೇಳುವುದೇನು?

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಜರತಾರಿ ಕುಲಾವಿಯನ್ನು ಕಂಡು, ಅದು ತನ್ನ ಕಡೆಯ ಗಲೀಸಿಯದ ಶಿರಸ್ತ್ರಾಣದಂತಿದೆ ಎಂದು ಬರೆದಿಟ್ಟ. ಅಪರಿಚಿತವಾದದ್ದನ್ನು ಮನಸ್ಸು ಪರಿಚಿತವಾದದ್ದರ ಮೂಲಕವೇ ಕಾಣುತ್ತದೆ. ನಮ್ಮ ಹುಡುಗರು ಮಾಡಿದ್ದೂ ಇಷ್ಟೇ: 'ಪ್ರಧಾನ ಯಾಜಕ' ಎಂಬ ಮಾತು ಕೇಳಿ ತಾವು ಕಂಡ ಮೈಟರನ್ನು ನೆನೆದರು. ಆದರೆ ಮೈಟರ್ ಪಾಶ್ಚಾತ್ಯ ಧರ್ಮಸಭೆಯಲ್ಲಿ ಧರ್ಮಾಧ್ಯಕ್ಷರ ಲಾಂಛನವಾಗಿ ರೂಢಿಗೆ ಬಂದದ್ದು ಹನ್ನೊಂದನೆಯ ಶತಮಾನದ ಸುಮಾರಿಗೆ. ಕಾಯಫನಿಗೂ ಅದಕ್ಕೂ ಸಾವಿರ ವರ್ಷಗಳ ಅಂತರವಿದೆ.

ವಿಮೋಚನಕಾಂಡದ 28ನೆಯ ಅಧ್ಯಾಯದ ಪ್ರಕಾರ ಪ್ರಧಾನ ಯಾಜಕನದು ನಯವಾದ ನಾರುಬಟ್ಟೆಯ ಮುಂಡಾಸು. ಅದರ ಮುಂಭಾಗದಲ್ಲಿ ನೀಲಿ ದಾರದಿಂದ ಕಟ್ಟಿದ ಚಿನ್ನದ ಪಟ್ಟಿ. ಹಾಗಾದರೆ ಆ ಪಟ್ಟಿಗಾದರೂ ಖರ್ಚು ಮಾಡಬೇಕಲ್ಲವೇ ಎಂದರೆ, ಅದೂ ಬೇಡ. ಯೆಹೂದ್ಯ ಇತಿಹಾಸಕಾರ ಯೊಸೇಫುಸನು ತಿಳಿಸುವಂತೆ ಆ ಕಾಲದಲ್ಲಿ ಪ್ರಧಾನ ಯಾಜಕನ ಪವಿತ್ರ ಉಡುಪು ರೋಮನರ ವಶದಲ್ಲಿ, ಅಂತೋನಿಯ ಕೋಟೆಯಲ್ಲಿ ಇರುತ್ತಿತ್ತು; ಹಬ್ಬದ ಸೇವೆಗೆಂದು ಹೊರಗೆ ಕೊಟ್ಟು, ಮುಗಿದ ಮೇಲೆ ಹಿಂದಕ್ಕೆ ಪಡೆಯುತ್ತಿದ್ದರು. ಅದು ದೇವಾಲಯದ ಸೇವೆಯ ಉಡುಪು, ರಾತ್ರಿಯ ಹೊತ್ತು ಸ್ವಂತ ಮನೆಯಲ್ಲಿ ವಿಚಾರಣೆ ನಡೆಸುವಾಗ ತೊಡುವಂಥದ್ದಲ್ಲ. ಆದುದರಿಂದ ಕಾಯಫನಿಗೆ ಒಪ್ಪವಾಗಿ ಸುತ್ತಿದ ಬಿಳಿಯ ಮುಂಡಾಸು ಸಾಕು.

ಸೈನಿಕರ ವಿಷಯವೂ ಹೀಗೆಯೇ. ಚಲನಚಿತ್ರಗಳಲ್ಲಿ ಕಾಣುವ ಕೆಂಪು ತುರಾಯಿಯ ಹೊಳೆಯುವ ಶಿರಸ್ತ್ರಾಣ ನಮ್ಮ ಕಣ್ಣಿನಲ್ಲಿ ನಿಂತುಬಿಟ್ಟಿದೆ. ಪಿಲಾತನ ಕಾಲದಲ್ಲಿ ಜುದೇಯದಲ್ಲಿ ರೋಮಿನ ಪೂರ್ಣ ದಳ ನೆಲೆಸಿರಲಿಲ್ಲ; ಇದ್ದವರು ಆ ಸುತ್ತಿನ ಪ್ರದೇಶಗಳಿಂದ ಸೇರಿಸಿಕೊಂಡ ಸಹಾಯಕ ಪಡೆಯವರು. ಬೋಗುಣಿಯಂತಹ ಕಬ್ಬಿಣದ ಅಥವಾ ಕಂಚಿನ ತಲೆಭಾಗ, ಕತ್ತಿನ ಹಿಂದೆ ಚಾಚಿದ ಒಂದು ಅಂಚು, ಕೆನ್ನೆ ಮುಚ್ಚುವ ಎರಡು ಪಟ್ಟಿಗಳು, ಗಲ್ಲದ ಕೆಳಗೆ ಕಟ್ಟು: ಇಷ್ಟಿದ್ದರೆ ಸರಿ. ತುರಾಯಿ ಬೇಕೆಂದರೆ ಶತಾಧಿಪತಿಗೊಬ್ಬನಿಗೆ ಇರಲಿ. ಅದೂ ಕಿವಿಯಿಂದ ಕಿವಿಗೆ ಅಡ್ಡಲಾಗಿ ಇರಬೇಕು. ಇನ್ನು ಸಂಖ್ಯೆ. ಯೊವಾನ್ನರ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಸೈನಿಕರು ಯೇಸುವಿನ ಬಟ್ಟೆಗಳನ್ನು ನಾಲ್ಕು ಪಾಲು ಮಾಡಿ ತಲಾ ಒಂದೊಂದನ್ನು ತೆಗೆದುಕೊಂಡರು. ಅಂದರೆ ನಾಲ್ವರು ಸೈನಿಕರು ಮತ್ತು ಒಬ್ಬ ಶತಾಧಿಪತಿ. ಇಪ್ಪತ್ತು ಶಿರಸ್ತ್ರಾಣಗಳ ಬಾಡಿಗೆಯನ್ನು ಶುಭಸಂದೇಶವೇ ಐದಕ್ಕೆ ಇಳಿಸುತ್ತದೆ.

ಟೋಪಿಯೂ ಒಂದು ಮಾತು

ಇದು ಕೇವಲ ಮಿತವ್ಯಯದ ವಿಷಯವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ತಲೆಯುಡುಗೆ ಮಾತನಾಡುತ್ತದೆ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಯೆಹೂದ್ಯರು ಉಡುಪಿನಿಂದಲೇ ಬೇರೆಯಾಗಿ ಗುರುತಾಗಬೇಕೆಂದು ವಿಧಿಸಿತು. ಯೂರೋಪಿನ ಹಲವೆಡೆ ಚೂಪಾದ ಟೋಪಿಯೊಂದು ಅವರ ಗುರುತಾಯಿತು, ಚಿತ್ರಗಳಲ್ಲಿ ಅಪಹಾಸ್ಯದ ವಸ್ತುವೂ ಆಯಿತು. ಜರ್ಮನಿಯ ಒಬರಾಮರ್‌ಗೌ ಗ್ರಾಮದವರು ಪಿಡುಗಿನ ಸಮಯದಲ್ಲಿ ಹೊತ್ತ ಹರಕೆಯಂತೆ 1634ರಿಂದ ನಡೆಸಿಕೊಂಡು ಬಂದಿರುವ ಯಾತನಾ ನಾಟಕ ಲೋಕಪ್ರಸಿದ್ಧ. ಅಲ್ಲಿಯೂ ಯೆಹೂದ್ಯ ಯಾಜಕರಿಗೆ ಕೊಂಬಿನಾಕಾರದ ತಲೆಯುಡುಗೆ ಇತ್ತು. ಇತ್ತೀಚಿನ ದಶಕಗಳಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಕೊಂಬು ಕಂಡ ಪ್ರೇಕ್ಷಕನಿಗೆ ಬೇರೆ ಬೋಧನೆ ಬೇಕಾಗದು. ಆ ಜನಾಂಗವೇ ಸೈತಾನನದು ಎಂಬ ಭಾವನೆ ಕಣ್ಣಿನ ಮೂಲಕವೇ ಒಳಗಿಳಿಯುತ್ತದೆ. ಅಂಥ ಭಾವನೆಗಳಿಗೆ ಯೂರೋಪಿನ ಯೆಹೂದ್ಯರು ತೆತ್ತ ಬೆಲೆ ಎಲ್ಲರಿಗೂ ತಿಳಿದದ್ದೇ.

ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸಕೂಡದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಸ್ಪಷ್ಟಪಡಿಸಿತು. ಇದನ್ನು ನಮ್ಮ ರೂಪಕದಲ್ಲಿ ಪಾಲಿಸುವುದು ಹೇಗೆ? ಒಂದು ಸರಳ ನಿಯಮವಿದೆ. ಅರಿಮತಾಯದ ಜೋಸೆಫನೂ ನಿಕೊದೇಮನೂ ಕಾಯಫನಂತೆಯೇ ಯೆಹೂದ್ಯರ ನಾಯಕವರ್ಗದವರು. ಈ ಮೂವರಿಗೂ ಒಂದೇ ಥಾನಿನ ಬಟ್ಟೆಯಲ್ಲಿ ಒಂದೇ ಬಗೆಯ ಮುಂಡಾಸು ಕಟ್ಟಿ. ಶಿಷ್ಯರಿಗೂ, ಕೂಗಾಡುವ ಗುಂಪಿಗೂ ಒಂದೇ ಬಗೆಯ ತಲೆವಸ್ತ್ರವಿರಲಿ. ಖಂಡಿಸಿದವರು, ಹೂಳಿದವರು, ಓಡಿಹೋದವರು ಎಲ್ಲರೂ ಒಂದೇ ಜನರೆಂಬುದು ಮಾತಿಲ್ಲದೆ ತಿಳಿಯುತ್ತದೆ. ಬಟ್ಟೆಯನ್ನು ಒಟ್ಟಿಗೆ ಕೊಂಡರೆ ಹಣವೂ ಉಳಿಯುತ್ತದೆ.

ನಮ್ಮ ತೋಟದಲ್ಲಿರುವುದು

ಒಳ್ಳೆಯ ತಲೆಯುಡುಗೆಯ ಲಕ್ಷಣಗಳು ಮೂರು: ಆಕಾರ ಸರಿಯಿರಬೇಕು, ತಲೆಯ ಮೇಲೆ ನಿಲ್ಲಬೇಕು, ವರ್ಷಗಟ್ಟಲೆ ಬಾಳಬೇಕು. ಹೊಳಪು ಇವುಗಳಲ್ಲಿಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಆಹಾರ್ಯವನ್ನು ವಿವರಿಸುತ್ತ, ಭಾರವಾದ ಆಭರಣಗಳು ನಟನನ್ನು ಬಳಲಿಸುತ್ತವೆ, ಹಗುರವಾದ ವಸ್ತುಗಳಿಂದಲೇ ಅವುಗಳನ್ನು ಮಾಡಬೇಕು ಎನ್ನುತ್ತಾನೆ. ಅರಿಸ್ಟಾಟಲನು ನಾಟಕದ ಅಂಗಗಳನ್ನು ಎಣಿಸುವಾಗ ಕಣ್ಣಿಗೆ ಕಾಣುವ ವೈಭವಕ್ಕೆ ಕವಿಯ ಕಲೆಯಲ್ಲಿ ತೀರ ಕಡಿಮೆ ಸ್ಥಾನ ಕೊಡುತ್ತಾನೆ. ಈ ತತ್ವವನ್ನು ನಮ್ಮ ಸೀಮೆಯ ಕಸುಬುದಾರರು ಪುಸ್ತಕವಿಲ್ಲದೆಯೇ ಬಲ್ಲರು. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದಂತೆ ಬೆಂಡಿನ ಬಾಸಿಂಗಕ್ಕೂ ಹೆಸರಾದವರು. ಯಕ್ಷಗಾನದ ಕಲಾವಿದರು ರಾತ್ರಿಯಿಡೀ ಕುಣಿದರೂ ಕಿರೀಟ ಕದಲದಂತೆ ಕಟ್ಟಿಕೊಳ್ಳುತ್ತಾರೆ. ಅವರ ಕಿರೀಟವನ್ನು ಎರವಲು ತಂದರೆ ಹೆರೋದನು ಕೌರವನಾಗಿಬಿಡುತ್ತಾನೆ. ಕಟ್ಟುವ ವಿದ್ಯೆಯನ್ನು ಎರವಲು ತರಬಹುದು.

ಶಿರಸ್ತ್ರಾಣಕ್ಕೆ ನಮ್ಮ ಅಡಿಕೆ ಹಾಳೆಗಿಂತ ಒಳ್ಳೆಯ ವಸ್ತು ಬೇಕಿಲ್ಲ. ಸೀಳದ, ಅಗಲವಾದ ಹಾಳೆಯನ್ನು ರಾತ್ರಿ ನೀರಿನಲ್ಲಿ ನೆನೆಸಿದರೆ ಬೆಳಿಗ್ಗೆ ಹೇಳಿದಂತೆ ಬಾಗುತ್ತದೆ. ಹಾಳೆಟೋಪಿ ಹೊಲಿಯಬಲ್ಲ ಹಿರಿಯರಿಂದ ಪಾತ್ರಧಾರಿಯ ತಲೆಯ ಅಳತೆಗೆ ಟೋಪಿ ಮಾಡಿಸಿ. ಹುಬ್ಬಿನ ಮೇಲಿಂದ ಸುತ್ತಳತೆ ತೆಗೆದು ಒಂದು ಬೆರಳಿನಷ್ಟು ಹೆಚ್ಚು ಬಿಡಬೇಕು. ಒಳಗೆ ಹತ್ತಿಬಟ್ಟೆಯ ಅಸ್ತರು ಬರಬೇಕಾಗಿದೆ. ನೆರಳಿನಲ್ಲಿ ಒಣಗಿದ ಮೇಲೆ ಕತ್ತಿನ ಅಂಚನ್ನೂ ಕೆನ್ನೆಪಟ್ಟಿಗಳನ್ನೂ ಬೇರೆ ಹಾಳೆಯಿಂದ ಕತ್ತರಿಸಿ ದಬ್ಬಳದಿಂದ ಹೊಲಿಯಿರಿ. ಮಡಿಕೆಗಳು ಮುಚ್ಚುವಂತೆ ಹಳೆಯ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಲ್ಲಿ ನಾಲ್ಕೈದು ಪದರ ಹಚ್ಚಿ, ಪೂರ್ಣ ಒಣಗಿಸಿ, ಕಪ್ಪಿಗೆ ತುಸು ಕಂದು ಬೆರೆಸಿದ ಬಣ್ಣ ಬಳಿಯಿರಿ. ಬಂಗಾರದ ಬಣ್ಣ ಬೇಡ. ದುಡಿದ ಕಬ್ಬಿಣ ಹೊಳೆಯುವುದಿಲ್ಲ. ಶತಾಧಿಪತಿಯ ತುರಾಯಿಗೆ ಬಣ್ಣ ಹಾಕಿದ ತೆಂಗಿನ ನಾರು ಸಾಕು.

ತಲೆವಸ್ತ್ರಗಳಿಗೆ ಅಚ್ಚ ಬಿಳುಪು ಹೊಂದುವುದಿಲ್ಲ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಹಳೆಯ ಪಂಚೆಯನ್ನು ಅದ್ದಿದರೆ ಮಣ್ಣಿನ ಕೆಂಪು ಕಂದು ತಾನಾಗಿ ಬರುತ್ತದೆ. ಹೊಲದಿಂದ ಬರುತ್ತಿದ್ದ ಸಿರೇನೆಯ ಸಿಮೋನನಿಗೆ ಇದಕ್ಕಿಂತ ತಕ್ಕ ಬಟ್ಟೆಯಿಲ್ಲ. ಜೆರುಸಲೇಮಿನ ಸ್ತ್ರೀಯರಿಗೆ ಅಜ್ಜಿಯರ ಹಳೆಯ ಹತ್ತಿಸೀರೆಯ ತುಂಡುಗಳಾಗುತ್ತವೆ. ಮುಳ್ಳಿನ ಕಿರೀಟವನ್ನು ಬಳ್ಳಿಯಿಂದ ಹೆಣೆಯಿರಿ. ಮುಳ್ಳುಗಳು ಹೊರಮುಖವಾಗಿರಲಿ, ಮೊನೆ ಮುರಿದಿರಲಿ. ಏಪ್ರಿಲ್ ಬಿಸಿಲಿನಲ್ಲಿ ಗುಡ್ಡ ಹತ್ತುವ ಹುಡುಗನ ಹಣೆಯಲ್ಲಿ ನಿಜವಾದ ಗಾಯ ಬೇಕಾಗಿಲ್ಲ.

ಲೆಕ್ಕ ಹಾಕುವ ರೀತಿಯನ್ನೂ ಬದಲಿಸಿಕೊಳ್ಳೋಣ. ಬಾಡಿಗೆಯ ವಸ್ತುವಿನ ಬೆಲೆ ಒಂದು ದಿನದ್ದು. ಮಾಡಿಸಿಕೊಂಡದ್ದರ ಬೆಲೆಯನ್ನು ಅದು ಬಾಳುವ ವರ್ಷಗಳಿಂದ ಭಾಗಿಸಬೇಕು. ಬಾಳಿಸುವುದೇ ನಮ್ಮ ಮಳೆನಾಡಿನಲ್ಲಿ ಕಷ್ಟದ ಕೆಲಸ. ಆಗುಂಬೆಯ ಮಗ್ಗುಲಲ್ಲಿ ಬದುಕುವವರಿಗೆ ಬೂಷ್ಟಿನ ವಿಷಯ ಹೇಳಬೇಕಾಗಿಲ್ಲ. ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರೆ ಸೆಪ್ಟೆಂಬರಿಗೆ ಎಲ್ಲವೂ ಮಣ್ಣು. ಒಲೆಯ ಹೊಗೆ ತಾಕುವ ಅಟ್ಟವಿರುವ ಮನೆಯೊಂದರಲ್ಲಿ, ಒಳಗೆ ಹುಲ್ಲು ತುಂಬಿ ತೂಗುಹಾಕಿದರೆ ಹುಳವೂ ಹಿಡಿಯದು, ಬೂಷ್ಟೂ ಹಿಡಿಯದು. ಅಕ್ಕಪಕ್ಕದ ಧರ್ಮಕೇಂದ್ರಗಳು ರೂಪಕವನ್ನು ಬೇರೆ ಬೇರೆ ದಿನ ಇಟ್ಟುಕೊಂಡು ಒಂದೇ ಕಟ್ಟನ್ನು ಹಂಚಿಕೊಳ್ಳಬಹುದು. ಎಲೆಚುಕ್ಕಿ ರೋಗದಿಂದ ತೋಟಗಳು ಸೊರಗಿರುವ ಈ ವರ್ಷಗಳಲ್ಲಿ ಯಾವ ಕುಟುಂಬದ ಮೇಲೂ ವೇಷದ ಪಾಲು ಹಾಕದಿರುವುದು ನಮ್ಮ ಕರ್ತವ್ಯ.

ಆ ಹುಡುಗನ ಮಾತನ್ನು ಮುಗಿಸಬೇಕು. ಮರುವರ್ಷ ನಾವು ಅವನ ಮನೆಗೆ ಹೋದದ್ದು ಕ್ಷಮೆ ಕೇಳಲು. ಅವನ ಅಜ್ಜ ಜಗಲಿಯಲ್ಲಿ ಕುಳಿತು ಹಾಳೆಟೋಪಿ ಹೊಲಿಯುತ್ತಿದ್ದರು. ಆ ವರ್ಷದ ಐದು ಶಿರಸ್ತ್ರಾಣಗಳೂ ಆ ಜಗಲಿಯಲ್ಲೇ ಆದವು, ಮೊಮ್ಮಗ ಅವುಗಳಲ್ಲೊಂದನ್ನು ತೊಟ್ಟು ನಿಂತ. ಅಜ್ಜ ಹಣ ತೆಗೆದುಕೊಳ್ಳಲಿಲ್ಲ. "ಹಾಳೆ ತೋಟದಲ್ಲಿ ಬಿದ್ದದ್ದಲ್ಲವೇ ಫಾದರ್," ಎಂದರು.

ಯಾತನೆಯ ವೃತ್ತಾಂತದಲ್ಲಿ ಪ್ರಭುವಿನ ತಲೆಯ ಮೇಲೆ ಬಂದ ವಸ್ತುಗಳು ಎರಡೇ. ಒಂದು, ಸೈನಿಕರು ಕೈಗೆ ಸಿಕ್ಕ ಮುಳ್ಳಿನಿಂದ ಹೆಣೆದದ್ದು. ಇನ್ನೊಂದು, ಹೂಳುವಾಗ ತಲೆಗೆ ಸುತ್ತಿದ ವಸ್ತ್ರ; ಪುನರುತ್ಥಾನದ ಬೆಳಿಗ್ಗೆ ಅದು ಸುತ್ತಿ ಬೇರೆಯಾಗಿ ಇಟ್ಟಿದ್ದುದನ್ನು ಪೇತ್ರನು ಕಂಡನೆಂದು ಯೊವಾನ್ನರು ಬರೆಯುತ್ತಾರೆ. ಎರಡಕ್ಕೂ ಪೇಟೆಯ ಬೆಲೆಯಿಲ್ಲ. ಚೊಗರು ಸಿಗುವುದು ಅಡಿಕೆ ಕೊಯ್ಲಿನ ಕಾಲದಲ್ಲಿ; ವಿಭೂತಿ ಬುಧವಾರ ಬಂದ ಮೇಲೆ ಹುಡುಕಿದರೆ ಸಿಗದು. ಆದುದರಿಂದ ಈ ಕೊಯ್ಲಿನಲ್ಲಿಯೇ ಒಂದು ಕೊಡ ಚೊಗರನ್ನೂ ಹತ್ತು ಒಳ್ಳೆಯ ಹಾಳೆಗಳನ್ನೂ ತೆಗೆದಿರಿಸಬೇಕೆಂದು ನಮ್ಮ ಕುಟುಂಬಗಳಲ್ಲಿ ವಿನಂತಿಸುತ್ತೇವೆ.